ಬಾಳವ್ವನನ್ನು ಕೇಳಿದ ದಿನ

ಬೆಳಿಗ್ಗೆ ಹತ್ತೂವರೆಗೆ, ಅಂಚೆ ಕಚೇರಿಯ ಮೆಟ್ಟಿಲ ಮೇಲೆ, ಹೊಲಿಗೆ ಯಂತ್ರ ರಿಪೇರಿ ಮಾಡುವ ಫಕ್ಕೀರಪ್ಪ ಬಾಳವ್ವನನ್ನು ಒಂದು ಪ್ರಶ್ನೆ ಕೇಳಿದ. "ನನ್ನ ಲಗ್ನ ಆಗ್ತೀರೇನ್ರಿ?"

ಆಗ ಅಲ್ಲಿ ಏಳೆಂಟು ಮಂದಿ ಇದ್ದರು. ನಾನೂ ಇದ್ದೆ. ಊರಿನ ವಾರಪತ್ರಿಕೆಗೆ ಸುದ್ದಿ ಬರೆಯುವುದು ನನ್ನ ಕೆಲಸ, ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿದ್ದೇನೆ. ಪೋಸ್ಟ್‌ಮಾಸ್ತರರ ಕೈಯಲ್ಲಿದ್ದ ಮುದ್ರೆ ಮೇಜಿಗೆ ತಾಗದೆ ಗಾಳಿಯಲ್ಲೇ ನಿಂತಿತು. ದರ್ಜಿ ಹುಸೇನಸಾಬ "ಯಾ ಅಲ್ಲಾ" ಎಂದು ಇದ್ದಲ್ಲೇ ಕುಸಿದು ಕುಳಿತ. ಲಗ್ನದ ಮಾತಿಗೆ ಯಾರೂ ಬೆಚ್ಚಿಬೀಳಲಿಲ್ಲ, ಅದು ಎಲ್ಲ ಊರಿನಲ್ಲೂ ಆಗುವ ಮಾತು. ಬಾಳವ್ವನನ್ನು ಒಬ್ಬ ಮನುಷ್ಯ ಏನನ್ನೋ ಕೇಳಿದ ಎಂಬುದೇ ಸುದ್ದಿ. ಆಕೆಗೆ ಮೂವತ್ತು ದಾಟಿದೆ. ಒಲ್ಲೆ ಹೇಳುವ ಕೆಲಸ ಹಿಡಿದ ದಿನದಿಂದ ಇಲ್ಲಿಯವರೆಗೆ ಆಕೆಯನ್ನು ಯಾರೂ ಏನನ್ನೂ ಕೇಳಿರಲಿಲ್ಲ.

ನಮ್ಮೂರಿನಲ್ಲಿ ಕೇಳಿದ್ದಕ್ಕೆ ಒಲ್ಲೆ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. "ಮನೆಯಲ್ಲಿ ಬೆಲ್ಲ ಇಲ್ಲ" ಎಂಬ ಮಾತು ಡಬ್ಬಿ ನಿಜವಾಗಿ ಖಾಲಿಯಿದ್ದರೆ ಸಲೀಸಾಗಿ ಬರುತ್ತದೆ. ಬೆಲ್ಲ ಇಟ್ಟುಕೊಂಡು ಹೇಳಲು ಹೊರಟರೆ ನಾಲಗೆ ಅಂಗುಳಕ್ಕೆ ಅಂಟುತ್ತದೆ. ತಲೆ ಅಲ್ಲಾಡಿಸೋಣವೆಂದರೆ ಕತ್ತು ತಿರುಗುವುದಿಲ್ಲ. ಬರೆದು ಕೊಡೋಣವೆಂದರೆ ಪೆನ್ನು ಮುಂದೆ ಹೋಗುವುದಿಲ್ಲ. ಕೇಳಿದ ಮಾತಿಗೆ ಸೂರ್ಯ ಮುಳುಗುವುದರೊಳಗೆ ಒಲ್ಲೆ ಬೀಳದಿದ್ದರೆ ಅದು ಹೂಂ ಎಂದೇ ಲೆಕ್ಕ. ಹೀಗಾಗಿ ಊರಿಗೆ ಒಬ್ಬಳು ಒಲ್ಲೆ ಹೇಳುವವಳು. ಮೊದಲು ಶಿವಬಾಯಿ ಇದ್ದಳು. ಆಕೆಯ ಬಾಯಿ ಕಟ್ಟಿದ ದಿನವೇ ತಮ್ಮನ ಮಗಳು ಬಾಳವ್ವನಿಗೆ ಬಾಯಿ ಬಂತು. ಒಲ್ಲೆ ಬೇಕಾದವರು ಎರಡು ಎಲೆ, ಒಂದು ಅಡಿಕೆ ಬಾಳವ್ವನ ಕೈಯಲ್ಲಿಟ್ಟು ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತಾರೆ. ಆಕೆ ವೀಳ್ಯ ಹಿಡಿದು ಹೋಗಿ, ಕೇಳಿದವರ ಮುಖಕ್ಕೆ ಮುಖ ಕೊಟ್ಟು ನಿಂತು, ಹೇಳಿ ಬರುತ್ತಾಳೆ.

ಊರು ಇದಕ್ಕೆ ಒಗ್ಗಿಕೊಂಡಿದೆ. ಬಂಡಿ ಬೇಕಾದವನು ಬಂಡಿ ಕೇಳುವುದಿಲ್ಲ. "ನಾಳೆ ನಿಮ್ಮ ಎತ್ತು ಎಲ್ಲಿಗರೆ ಹೊಂಟಾವೇನ್ರಿ?" ಎಂದು ವಿಚಾರಿಸಿ, ಎದುರಿನವರ ಮುಖ ನೋಡಿ, ಮನೆಗೆ ಹೋಗುತ್ತಾನೆ. ಗಂಡಿನ ಕಡೆಯವರು ಹೆಣ್ಣು ನೋಡಲು ಬಂದಾಗ ಪಡಸಾಲೆಯ ಮೂಲೆಯಲ್ಲಿ ಬಾಳವ್ವನನ್ನು ಕೂರಿಸಿ, ಎಲೆ ಅಡಿಕೆಯ ತಟ್ಟೆಯನ್ನು ಹುಡುಗಿಯ ಕೈಗೆಟುಕುವ ಹಾಗೆ ಇಟ್ಟಿರುತ್ತಾರೆ. ಹುಡುಗಿ ಆ ತಟ್ಟೆ ಮುಟ್ಟದಿದ್ದರೆ ಅವಳು ಅಂದ ಹೂಂ ನಿಜವಾದ ಹೂಂ. "ಅವರದು ಬಾಳವ್ವ ಸುಮ್ಮನ ಕುಂತ ಲಗ್ನ" ಎಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಆದರೆ ಬಾಳವ್ವ ತನ್ನ ವೀಳ್ಯವನ್ನು ತಾನೇ ಹಿಡಿಯಲಾರಳು. ಎಡಗೈಯಿಂದ ಬಲಗೈಗೆ ಎಲೆ ದಾಟಿಸಿ ನೋಡಿದ್ದಾಳಂತೆ, ಬಾಯಿ ತೆರೆಯಲಿಲ್ಲವಂತೆ. ಆಕೆಯನ್ನು ಏನಾದರೂ ಕೇಳುವುದೆಂದರೆ ಕೈಕಾಲು ಕಟ್ಟಿದವರನ್ನು ಕುಸ್ತಿಗೆ ಕರೆದ ಹಾಗೆ. ಊರಿನವರು ಒರಟರಿರಬಹುದು, ಅಷ್ಟು ಕೆಟ್ಟವರಲ್ಲ. ಆಕೆಯೂ ಯಾರನ್ನೂ ಏನೂ ಕೇಳುವುದಿಲ್ಲ. ಕೇಳಿದರೆ ಎದುರಿನವರು ಒಲ್ಲೆ ಹೇಳಿಸಲು ಎಲೆ ಹಿಡಿದು ಆಕೆಯ ಬಾಗಿಲಿಗೇ ಬರಬೇಕಾಗುತ್ತದೆ.

ಫಕ್ಕೀರಪ್ಪನಿಗೆ ಇದಾವುದೂ ಗೊತ್ತಿರಲಿಲ್ಲ. ಅವನು ಹಿಂದಿನ ದಿನವಷ್ಟೇ ಬಸ್ಸಿಳಿದು, ಹುಸೇನಸಾಬನ ಅಂಗಡಿಯಲ್ಲಿ ಯಂತ್ರ ಬಿಚ್ಚಿಕೊಂಡು ಕುಳಿತಿದ್ದ. ನಲವತ್ತರ ಹತ್ತಿರದ ಆಳು, ಉಗುರುಗಳಲ್ಲಿ ಎಣ್ಣೆ, ಎದೆಯ ಜೇಬಿನಲ್ಲಿ ಸಾಲಾಗಿ ಸೂಜಿಗಳು. ಆ ಬೆಳಿಗ್ಗೆ ಹುಸೇನಸಾಬನ ಹೆಸರಿಗೆ ಅಣ್ಣನ ವಕೀಲರಿಂದ ರಿಜಿಸ್ಟರ್ಡ್ ಕಾಗದ ಬಂದಿತ್ತು. ಅದನ್ನು ತೆಗೆದುಕೊಳ್ಳುವ ಮನಸ್ಸು ಅವನಿಗಿರಲಿಲ್ಲ. ಬಾಳವ್ವನಿಗೆ ಎಲೆ ಕೊಟ್ಟು ಅಂಚೆ ಕಚೇರಿಗೆ ಕರೆತಂದ. ಬೇರೆ ಊರಿನ ಒಲ್ಲೆ ಹೇಗಿರುತ್ತದೆಂದು ನನಗೆ ಗೊತ್ತು, ನಾನು ಬೇರೆ ಊರಿನಲ್ಲಿ ಹುಟ್ಟಿದವನು. ಅಲ್ಲಿ ಒಲ್ಲೆ ಅಂದರೆ ಜಗಳದ ಮೊದಲ ಸಾಲು. ಬಾಳವ್ವ ತುಂಬಿದ ಕೊಡವನ್ನು ತುಳುಕದ ಹಾಗೆ ನೆಲಕ್ಕಿಡುವಂತೆ ಹೇಳುತ್ತಾಳೆ. "ಹುಸೇನಸಾಬರು ಇದನ್ನ ಒಲ್ಲೆ ಅಂತಾರ್ರಿ," ಅಂದಳು, ಅಷ್ಟೇ. ಪೋಸ್ಟ್‌ಮಾಸ್ತರರು ತಲೆಯಾಡಿಸಿ 'ರಿಫ್ಯೂಸ್ಡ್' ಎಂಬ ಕೆಂಪು ಮುದ್ರೆ ಎತ್ತಿದರು. ಯಾರ ಮುಖವೂ ಕೆಡಲಿಲ್ಲ.

ಹುಸೇನಸಾಬನ ಹಿಂದೆಯೇ ಬಂದು ಕಂಬಕ್ಕೊರಗಿ ನಿಂತಿದ್ದ ಫಕ್ಕೀರಪ್ಪ ಮುಂದೆ ಬಂದ. "ಅಕ್ಕಾರ," ಅಂದ, "ನಾ ಹನ್ನೊಂದು ಮನ್ಯಾಗ ಕನ್ಯಾ ನೋಡೇನ್ರಿ. ಒಂದು ಮನ್ಯಾಗೂ ಒಲ್ಲೆ ಅಂತ ಬಾಯಿ ಬಿಟ್ಟು ಹೇಳ್ಲಿಲ್ಲ. ಜಾತಕ ಕೂಡಲಿಲ್ಲ ಅಂದ್ರು, ಬರೂ ವರ್ಷ ನೋಡೂಣು ಅಂದ್ರು. ಒಂದು ಕಡೆ ಮನ್ಯಾಗ ಅಜ್ಜಿ ತೀರಿಕೊಂಡಾಳ ಅಂತ ಹೇಳಿ ಕಳಿಸಿದ್ರು. ಆ ಅಜ್ಜಿನ ನನಗ ಚಾ ಕೊಟ್ಟಿದ್ಳು. ಹಿಂಗ ನೆಟ್ಟಗ ಹೇಳೋರನ್ನ ಇವತ್ತ ನೋಡಿದೆ." ಅದರ ಹಿಂದೆಯೇ ಆ ಪ್ರಶ್ನೆ ಬಂತು.

ಬಾಳವ್ವ ಬಾಯಿ ತೆರೆದಳು, ಮುಚ್ಚಿದಳು. ಇನ್ನೊಮ್ಮೆ ತೆರೆದಳು. ಊರಿಗೆಲ್ಲ ಮಾತು ಕೊಟ್ಟ ಆ ಬಾಯಿಂದ ಗಾಳಿ ಮಾತ್ರ ಹೊರಬಂತು. ಸೆರಗು ಸಿಕ್ಕಿಸಿಕೊಂಡು, ಯಾರನ್ನೂ ನೋಡದೆ, ಮನೆಯ ಕಡೆಗೆ ದಾಪುಗಾಲು ಹಾಕಿದಳು.

ಮಧ್ಯಾಹ್ನದೊಳಗೆ ಸುದ್ದಿ ಹತ್ತಿ ಗಿರಣಿಯ ಆಚೆ ದಂಡೆಗೂ ತಲುಪಿತು. ಜನ ಅಂಗಡಿ ಬಿಟ್ಟು ಬೀದಿಗೆ ಬಂದರು. ಪುರಸಭೆ ಅಧ್ಯಕ್ಷ ಅಂದಾನೆಪ್ಪನವರು ಚಪ್ಪಲಿ ಮೆಟ್ಟದೆ ಓಡಿಬಂದು ನನ್ನ ತೋಳು ಹಿಡಿದರು. "ರಿಪೇರಿ ಮಾಡಾಂವಂಗ ಊರೈತೇನು, ಕೇರೈತೇನು? ಅಕಿನ ಕರ್ಕೊಂಡು ತಿರುಗತಾನ. ಆಮ್ಯಾಲ ನಾವು ಯಾರ ಬಾಯಿಲೆ ಒಲ್ಲೆ ಅನ್ನೂಣು?" ಅವರ ಹೆದರಿಕೆ ಸುಳ್ಳಾಗಿರಲಿಲ್ಲ. ಬಾಳವ್ವ ಬಾಗಿಲು ಹಾಕಿಕೊಂಡು ಎರಡು ತಾಸೂ ಆಗಿರಲಿಲ್ಲ. ಅಷ್ಟರಲ್ಲಿ ಹೊರಗಿನಿಂದ ಬಂದ ಸ್ಟೀಲ್ ಕೊಡ ಮಾರುವವನೊಬ್ಬ ನೇಕಾರ ಓಣಿಯ ಎಲ್ಲ ಮನೆಗೂ ಕೊಡ ಮಾರಿ, ಗಾಡಿ ಖಾಲಿ ಮಾಡಿಕೊಂಡು, ಇನ್ನಷ್ಟು ತರಲು ಹೋಗಿದ್ದ. ಅಧ್ಯಕ್ಷರ ಮನೆಯಲ್ಲೇ ಮೂರು ಕೊಡ ಇಳಿದಿದ್ದವು.

ನಾನು ಬಾಳವ್ವನ ಮನೆಗೆ ಹೋದೆ. ಶಿವಬಾಯಿ ಹೊಸ್ತಿಲ ಮೇಲೆ ಕಾಲು ಚಾಚಿ ಕುಳಿತಿದ್ದಳು. "ಬರ್ರಿ ಪೇಪರಿನವರ," ಅಂದಳು. "ಊರ ಮಂದಿ ಮಾತೆಲ್ಲಾ ಹೊತ್ತು ತಿರುಗಿದ್ಳು. ಇವತ್ತ ಇಕಿದು ಹೇಳಾಕ ಒಂದು ನಾಯಿನೂ ಇಲ್ಲ, ನೋಡ್ರಿ." ಒಳಗೆ ಬಾಳವ್ವ ಒಲೆಯ ಮುಂದೆ ಅತ್ತಿಂದಿತ್ತ ನಡೆಯುತ್ತಿದ್ದಳು. ಕೆನ್ನೆ ಕೆಂಪಾಗಿತ್ತು. ಅದು ಸಿಟ್ಟೋ ಮತ್ತೇನೋ ನನಗೆ ತಿಳಿಯಲಿಲ್ಲ. ತಿಳಿಯದ್ದನ್ನು ನಾನು ಬರೆಯುವುದಿಲ್ಲ.

ಅತ್ತೆಯ ಕೈಗೆ ಆಕೆ ಆಗಲೇ ಎಲೆ ಅಡಿಕೆ ಕೊಟ್ಟು ನೋಡಿದ್ದಳು. ಶಿವಬಾಯಿ ನನ್ನೆದುರು ಇನ್ನೊಮ್ಮೆ ಪ್ರಯತ್ನಿಸಿದಳು. ಕಣ್ಣು ಮುಚ್ಚಿ, ಗಲ್ಲ ಉಬ್ಬಿಸಿ, ಒಂದು ಕೆಮ್ಮು ಕೆಮ್ಮಿದಳು. "ಹಳೇ ಮಗ್ಗ," ಅಂದಳು, "ಬಟ್ಟಿ ಬರೂದಿಲ್ಲ." ನಾನೂ ಎಲೆ ಹಿಡಿದು ನೋಡಿದೆ. ಈ ಊರಿಗೆ ಬಂದ ಹೊಸದರಲ್ಲಿ ನನಗೆ ಆ ಮಾತು ಬರುತ್ತಿತ್ತು. ಯಾವಾಗ ಹೋಯಿತೋ ತಿಳಿಯದು, ಯಾರೂ ಏನೂ ಕೇಳದ ಯಾವುದೋ ವಾರದಲ್ಲಿ ಹೋಗಿರಬೇಕು. ನಾಲಗೆ ಕಲ್ಲಿನ ಹಾಗೆ ಬಿದ್ದುಕೊಂಡಿತು.

"ಒಂದು ಮಾತು," ಅಂದೆ. "ಕೇಳ್ತಾ ಇಲ್ಲ, ಸುಮ್ಮನೆ ಹೇಳ್ತಾ ಇದ್ದೀನಿ. ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾದರೆ ಊರು ಸ್ವಲ್ಪ ಸಮಾಧಾನ ಆಗ್ತದೆ."

ಬಾಳವ್ವ ನಿಂತಳು. "ಏನರ ಇರಲಿ, ಅದನ್ನ ತಗೊಂಡು ಏನು ಮಾಡ್ತೀರಿ? ಒಲ್ಲೆ ಅನ್ನಾಕ ದಾರಿ ಇಲ್ಲದಾಕಿ ಹೂಂ ಅಂದ್ರ, ಅದು ಹೂಂ ಹೆಂಗ ಆಗ್ತೈತ್ರಿ? ನಾ ಊರ ಮಂದಿಗೆಲ್ಲಾ ಏನು ಮಾರೀನಿ ಇಷ್ಟು ದಿನ? ಒಲ್ಲೆ ಅಲ್ರಿ, ಹೂಂ ಮಾರೀನಿ. ನಾ ಮೂಲ್ಯಾಗ ಕುಂತಿರ್ತೀನಿ ಅಂತ ನಿಮ್ಮ ಹೂಂಗ ಬೆಲೆ. ನನ್ನ ಮೂಲ್ಯಾಗ ಯಾರದಾರ?" ಒಲೆಯಿಂದ ಕೊಳ್ಳಿ ಹಿಂದಕ್ಕೆಳೆದಳು. "ಮೊದಲ ಒಲ್ಲೆ ಅನ್ನೂ ದಾರಿ ತೋರಸ್ರಿ. ಆಮ್ಯಾಲ ಮನಸ್ಸು ಹೇಳ್ತೀನಿ. ಹೊತ್ತು ಮುಳಗೂದ್ರಾಗ."

ಈ ಮಾತಿನ ಬಗ್ಗೆ ಆಕೆಗಿರುವಷ್ಟು ತಿಳಿವಳಿಕೆ ನಾನು ಯಾವ ನಿಘಂಟಿನಲ್ಲೂ ಕಂಡಿಲ್ಲ. ಒಲಿಯುವುದು, ಒಲವು ಎಂಬ ಮಾತುಗಳ ಮನೆಯಲ್ಲೇ ಒಲ್ಲೆಯೂ ಹುಟ್ಟಿದ್ದು, ಅಷ್ಟು ನಿಘಂಟು ಹೇಳುತ್ತದೆ. ಬೇಡ, ಆಗುವುದಿಲ್ಲ ಎಂಬ ಮಾತುಗಳನ್ನು ಬಿಟ್ಟು ಯಾವಾಗಲೂ ಒಲ್ಲೆಯನ್ನೇ ಏಕೆ ಆರಿಸುತ್ತೀರಿ ಎಂಬ ವಿಷಯ ಹಿಂದೊಮ್ಮೆ ನಮ್ಮ ನಡುವೆ ಬಂದಿತ್ತು. "ಬ್ಯಾಡ ಅಂದ್ರ ಸಾಮಾನಿನ ಮ್ಯಾಲ ತಪ್ಪು ಹೊರಿಸಿದಂಗ," ಅಂದಿದ್ದಳು. "ಆಗೂದಿಲ್ಲ ಅಂದ್ರ ದೇವರ ಮ್ಯಾಲ ಹಾಕಿದಂಗ. ಒಲ್ಲೆ ಅಂದ್ರ ನಂದು ನಾ ಹೊತ್ತಂಗ." ಅದನ್ನು ನಾನು ಪತ್ರಿಕೆಯಲ್ಲಿ ಬರೆದೆ. ಆಗ ಯಾರೂ ಓದಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಅಧ್ಯಕ್ಷರು ಒಂದು ನಿರ್ಧಾರಕ್ಕೆ ಬಂದರು. ಕೇಳಿದವನೇ ಮಾತು ಹಿಂದಕ್ಕೆ ತೆಗೆದುಕೊಂಡರೆ ಪ್ರಶ್ನೆಯೇ ಉಳಿಯುವುದಿಲ್ಲ. ನೂರಿನ್ನೂರು ಜನ ಅವರ ಹಿಂದೆ ಹುಸೇನಸಾಬನ ಅಂಗಡಿಗೆ ಹೋದರು, ನಾನೂ ಹೋದೆ. ಫಕ್ಕೀರಪ್ಪ ಯಂತ್ರದ ಹೊಟ್ಟೆಯೊಳಗೆ ಎಣ್ಣೆ ಬಿಡುತ್ತಿದ್ದ.

"ತಮ್ಮಾ," ಅಂದರು ಅಧ್ಯಕ್ಷರು, ಧ್ವನಿಗೆ ಬೆಣ್ಣೆ ಹಚ್ಚಿ. "ಬೆಳಿಗ್ಗೆ ಕೇಳಿದ ಮಾತು ವಾಪಸ್ ತಗೊಂಡು ಬಿಡು. ಚಾ ಕುಡಿದು ರಾತ್ರಿ ಬಸ್ಸಿಗೆ ಹೋಗು."

ಫಕ್ಕೀರಪ್ಪ ತಲೆ ಎತ್ತಲಿಲ್ಲ. "ಒಲ್ಲೆರಿ," ಅಂದ.

ಬೀದಿ ನಿಂತುಬಿಟ್ಟಿತು. ಈ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ. ಹುಸೇನಸಾಬನ ಕತ್ತರಿ ಬಟ್ಟೆಯ ನಡುವೆ ಬಾಯಿ ತೆರೆದುಕೊಂಡು ನಿಂತಿತು. ಅರವತ್ತು ದಾಟಿದ ಅಂದಾನೆಪ್ಪನವರು ಒಬ್ಬ ಗಂಡಸಿನ ಬಾಯಿಂದ ಆ ಉತ್ತರ ಕೇಳಿದ್ದು ಅದೇ ಮೊದಲು. ಅವರು ಬಗ್ಗಿ ಅವನ ಎರಡೂ ಕೈ ನೋಡಿದರು. ಎಲೆ ಇರಲಿಲ್ಲ, ಎಣ್ಣೆ ಡಬ್ಬಿ ಇತ್ತು.

"ಯಾರ ವೀಳ್ಯಾ ಹಿಡಿದು ಹೇಳಿದಿ?"

"ಯಾರದೂ ಇಲ್ರಿ. ನಂದ."

"ಬಾಯಿಲೆ ಅಂದಿ?"

"ಮತ್ತೆಲ್ಲಿಂದ ಅನ್ಲಿರಿ?"

ಹೊರಗಿನವರಿಗೆ ಆ ಮಾತು ಬರುತ್ತದೆಂದು ನಮಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ನಾವು ಯಾರನ್ನೂ ನೇರವಾಗಿ ಕೇಳುವವರಲ್ಲ, ಹಾಗಾಗಿ ಅದು ನಮ್ಮ ಕಿವಿಗೆ ಬೀಳುವುದಿಲ್ಲ. ಕಿವಿಗೆ ಬೀಳದ್ದು ನೆನಪಿನಲ್ಲಿ ಉಳಿಯುವುದಿಲ್ಲ. ಬೆಳಗಿನಿಂದ ಇಡೀ ಊರು ಊರೊಳಗಿನ ಬಾಯಿಗಳನ್ನಷ್ಟೇ ತಡಕಾಡಿತ್ತು. ನಾನು ಸುದ್ದಿಗಾಗಿ ಓಡುವವನಲ್ಲ, ನಡೆದೇ ಹೋಗುವವನು. ಅಂದು ಓಡಿದೆ. ಹೊಸ್ತಿಲಲ್ಲಿದ್ದ ಶಿವಬಾಯಿಯ ಕಾಲು ದಾಟಿ ಒಳಗೆ ನುಗ್ಗಿ, "ಅವನು ಒಲ್ಲೆ ಅಂದ!" ಎಂದು ಕೂಗಿದೆ. "ಅಧ್ಯಕ್ಷರಿಗೆ! ಬಾಯಿಂದಲೇ!"

ಬಾಳವ್ವ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಅವಳಿಗೆ ಹೊಳೆದದ್ದು ನನಗೆ ಇನ್ನೂ ಹೊಳೆದಿರಲಿಲ್ಲ. ಗೂಡಿನಿಂದ ಎರಡು ಎಲೆ, ಒಂದು ಅಡಿಕೆ ತೆಗೆದುಕೊಂಡು ಹೊರಟೇಬಿಟ್ಟಳು. "ಲೇ, ಚಪ್ಪಲಿ ಮೆಟ್ಟು!" ಎಂದು ಶಿವಬಾಯಿ ಹಿಂದಿನಿಂದ ಕೂಗುತ್ತ ತಾನೂ ಬರಿಗಾಲಲ್ಲಿ ಬಂದಳು.

ಜನ ದಾರಿ ಬಿಟ್ಟರು. ಬಾಳವ್ವ ಅಂಗಡಿಯ ಕಟ್ಟೆ ಹತ್ತಿ ಫಕ್ಕೀರಪ್ಪನ ಎದುರು ನಿಂತಳು. ವೀಳ್ಯ ಎಂದರೇನೆಂದು ನಾಲ್ಕು ಮಾತಿನಲ್ಲಿ ಹೇಳಿದಳು. ನಂತರ ಎಲೆ ಚಾಚಿದಳು. "ನೀವು ಕೇಳಿದ ಮಾತಿಗೆ ನಾ ಉತ್ತರಾ ಹೇಳಬೇಕಾಗೈತಿ. ನನಗ ಬಾಯಿ ಇಲ್ಲ. ಈ ಊರಾಗ ಇವತ್ತ ಬಾಯಿ ಇರೋದು ನಿಮಗೊಬ್ಬರಿಗೆ. ನನ್ನ ವೀಳ್ಯಾ ಹಿಡೀತೀರೇನು?"

ಫಕ್ಕೀರಪ್ಪ ಎಲೆಗಳನ್ನು ನೋಡಿದ. ಆಮೇಲೆ ಚಿಂದಿಯಿಂದ ಕೈ ಒರೆಸಿಕೊಂಡ, ಬೆರಳು ಬೆರಳಾಗಿ. "ಹಿಡೀತೀನ್ರಿ."

ಬಾಳವ್ವ ಎಲೆ ಅವನ ಅಂಗೈಯಲ್ಲಿಟ್ಟು, ಅವನ ಕಿವಿಯ ಹತ್ತಿರ ಬಾಗಿ, ಒಂದೇ ಒಂದು ಮಾತು ಹೇಳಿದಳು. ನಾನು ಮೂರು ಮೊಳ ದೂರದಲ್ಲಿದ್ದೆ, ನನಗೂ ಕೇಳಲಿಲ್ಲ. ಆಕೆ ಕಟ್ಟೆ ಇಳಿದು ಬಂದು ಅತ್ತೆಯ ಪಕ್ಕದಲ್ಲಿ ನಿಂತಳು. ಆಗ ಇಡೀ ಗುಂಪಿಗೆ ವಿಷಯ ಒಟ್ಟಿಗೆ ಅರ್ಥವಾಯಿತು. ಗುಜುಗುಜು ಎದ್ದಿತು. ಆಕೆ ಹೂಂ ಅಂದಿದ್ದರೆ ಅವನು ಸುಮ್ಮನಿರಬೇಕು. ಒಲ್ಲೆ ಅಂದಿದ್ದರೆ ಅವನು ಬಾಯಿ ಬಿಡಬೇಕು. ಒಲ್ಲೆ ಅಂದಿದ್ದರೂ ಅವನು ಸುಮ್ಮನಿದ್ದುಬಿಟ್ಟರೆ? ಆಕೆಗೆ ಬಾಯಿ ಇಲ್ಲ. ಸೂರ್ಯ ಮುಳುಗಿದರೆ ಆಕೆ ಅವನ ಹೆಂಡತಿ.

"ಸುಮ್ಮನ ಕುಂತ್ರ ಗೆದ್ದಾ," ಎಂದು ಹುಸೇನಸಾಬ ನನ್ನ ಕಿವಿಯಲ್ಲಿ ಉಸಿರಿದ.

"ಕಳ್ಳನ ಕೈಯಾಗ ಕೀಲಿ ಕೊಟ್ಟಿ," ಅಂದಳು ಶಿವಬಾಯಿ ಎಲ್ಲರಿಗೂ ಕೇಳುವಂತೆ.

ಬಾಳವ್ವ ಅವನ ಬಾಯಿಯನ್ನೇ ನೋಡುತ್ತಿದ್ದಳು. ಬಾಳವ್ವ ಮಾತಾಡುವಾಗ ಆಕೆಯ ಬಾಯಿಯನ್ನು ನಾವೆಲ್ಲ ಹಾಗೆಯೇ ನೋಡುತ್ತೇವೆ.

ಸೂರ್ಯ ಹತ್ತಿ ಗಿರಣಿಯ ಚಿಮಣಿಯ ಬದಿಗೆ ಬಂದ. ಫಕ್ಕೀರಪ್ಪ ಎಲೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಳಿತೇ ಇದ್ದ. ಒಮ್ಮೆ ಎದ್ದ.  ಮತ್ತೆ ಕುಳಿತ. ಚಿಮಣಿಯ ನೆರಳು ಅಂಗಡಿಯ ಕಟ್ಟೆ ಏರಿತು. ಕೊನೆಗೆ ಅವನು ಅಧ್ಯಕ್ಷರನ್ನು ಕರೆದ. "ಹೇಳೂ ಪದ್ಧತಿ ಹೆಂಗ್ರಿ?"

"ಕೇಳಿದವರ ಎದುರಿಗೆ ನಿಂತು ಹೇಳಬೇಕು," ಅಂದರು ಅಂದಾನೆಪ್ಪನವರು.

"ಕೇಳಿದಾಂವ ನಾನ ಅದೀನಲ್ರಿ."

 ಕ್ಷಣ ಕ್ಷಣಕ್ಕೂ ಬೆಳಕು ಕೆಳಗಿಳಿಯುತ್ತಿತ್ತು. ಹುಸೇನಸಾಬನೇ ಮೊದಲು ಜಿಗಿದೆದ್ದ. ಒಳಕೋಣೆಗೆ ನುಗ್ಗಿ, ಗಿರಾಕಿಗಳು ಅಂಗಿ ತೊಟ್ಟು ನೋಡುವ ಆಳೆತ್ತರದ ಕನ್ನಡಿಯನ್ನು ತಬ್ಬಿಕೊಂಡು ತಂದು ಕಟ್ಟೆಯ ಮೇಲೆ ನಿಲ್ಲಿಸಿದ. ಇಬ್ಬರು ಆಚೀಚೆ ಹಿಡಿದರು. ಫಕ್ಕೀರಪ್ಪ ಅದರೆದುರು ನಿಂತ. ಕೂದಲು ಸರಿ ಮಾಡಿಕೊಂಡ. ಎಲೆ ಹಿಡಿದ ಕೈ ಮುಂದೆ ಚಾಚಿದ. ಧ್ವನಿ ಒಮ್ಮೆ ಒಡೆಯಿತು, ಸರಿಪಡಿಸಿಕೊಂಡ.

"ಫಕ್ಕೀರಪ್ಪನವರ," ಅಂದ ಕನ್ನಡಿಗೆ, "ಬಾಳವ್ವನವರು ನಿಮ್ಮನ್ನ ಒಲ್ಲೆ ಅಂತಾರ್ರಿ."

ತುಳುಕಲಿಲ್ಲ. ಆಕೆ ಹೇಳುವಷ್ಟೇ ಚೆನ್ನಾಗಿ ಹೇಳಿದ.

ಆಮೇಲಿನ ಗದ್ದಲವನ್ನು ವರದಿ ಮಾಡುವುದು ಕಷ್ಟ. ಸಿಳ್ಳೆ, ಚಪ್ಪಾಳೆ. ಯಾರೋ ಗಿರಣಿಯ ಗಂಟೆ ಬಾರಿಸಿದರು. ಅಂದಾನೆಪ್ಪನವರು ಫಕ್ಕೀರಪ್ಪನನ್ನು ತಬ್ಬಿಕೊಂಡು ತಮ್ಮ ಬಿಳಿ ಅಂಗಿಗೆಲ್ಲ ಎಣ್ಣೆ ಹಚ್ಚಿಕೊಂಡರು. ಕನ್ನಡಿ ಹಿಡಿದಿದ್ದವರು ಕೈಬಿಟ್ಟಿದ್ದರು, ಹುಸೇನಸಾಬ ಬಯ್ಯುತ್ತಲೇ ಅದನ್ನು ಎದೆಗೊತ್ತಿ ಹಿಡಿದಿದ್ದ. ಬಾಳವ್ವ ಎರಡೂ ಕೈ ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು, ಭುಜ ಕುಣಿಯುತ್ತಿದ್ದವು. "ನಂದು!" ಅಂದಳು ಅತ್ತೆಯ ತೋಳು ಅಲ್ಲಾಡಿಸಿ. "ಅತ್ತೀ, ಕೇಳಿದೇನು? ಅದು ನಂದು!" ಶಿವಬಾಯಿ ಅಳುತ್ತಿದ್ದಳು. "ಕಿವುಡಿ ಅಲ್ಲವ್ವಾ ನಾ," ಅಂದಳು.

ನನ್ನ ಕೆಲಸ ನಾನು ಮಾಡಬೇಕಾಗಿತ್ತು. ಗದ್ದಲ ದಾಟಿ ಆಕೆಯ ಹತ್ತಿರ ಹೋದೆ. ನಿಜವಾಗಿ ಮನಸ್ಸಿನಲ್ಲಿದ್ದದ್ದು ಒಲ್ಲೆಯೋ, ಅಥವಾ ಅವನು ಹೇಳುತ್ತಾನೋ ಇಲ್ಲವೋ ಎಂದು ಪರೀಕ್ಷೆಯೋ ಎಂಬ ವಿಷಯ ಓದುಗರಿಗೆ ಬೇಕಾಗುತ್ತದೆ ಎಂದೆ.

"ಅಂವಂಗ ನನ್ನ ಹೆಸರು ಗೊತ್ತಾಗಿದ್ದ ಇವತ್ತ ಬೆಳಿಗ್ಗೆ," ಅಂದಳು ಕಣ್ಣೊರೆಸಿಕೊಂಡು. "ಅಷ್ಟಕ್ಕ ಹೂಂ ಅನ್ನಾಕ ನನಗ ಹುಚ್ಚು ಹಿಡದೈತೇನ್ರಿ? ಒಲ್ಲೆ ಅಂದ್ರ ಒಲ್ಲೆ. ಬರಕೋರಿ." ಸ್ವಲ್ಪ ತಡೆದು ಅಂದಳು, "ಆದ್ರ ಹೇಳಿದ ನೋಡ್ರಿ ಅಂವ."

ಫಕ್ಕೀರಪ್ಪ ಸ್ಕ್ರೂಡ್ರೈವರುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಹನ್ನೆರಡನೆಯದಾಯಿತು ಎಂದು ಯಾರಿಗೋ ನಗುತ್ತ ಹೇಳುತ್ತಿದ್ದ, ಆದರೆ ನಗು ಗಲ್ಲದವರೆಗೆ ಹೋಗಿ ನಿಲ್ಲುತ್ತಿತ್ತು. ಬಾಳವ್ವ ಮತ್ತೆ ಕಟ್ಟೆ ಹತ್ತಿದಳು. ಗುಂಪು ತಾನಾಗಿಯೇ ತಣ್ಣಗಾಯಿತು. ಆಕೆ ಸೆರಗನ್ನು ಒಮ್ಮೆ ಬಿಡಿಸಿ ಮತ್ತೆ ಸಿಕ್ಕಿಸಿಕೊಂಡಳು. ಊರಿಗೆಲ್ಲ ಧೈರ್ಯವಾಗಿ ಮಾತು ಹೊತ್ತವಳ ಧ್ವನಿ ಆಗ ಸಣ್ಣಗಿತ್ತು.

"ಬಸ್ಸಿಗೆ ಇನ್ನೂ ಹೊತ್ತೈತಿ," ಅಂದಳು. "ನಮ್ಮ ಮನ್ಯಾಗ ಊಟಾ ಮಾಡ್ತೀರೇನ್ರಿ?"

ಊರಿನವರು ಯಾರಾಗಿದ್ದರೂ ಅದಕ್ಕೆ ಹೂಂ ಅಂದೇ ಅನ್ನುತ್ತಿದ್ದರು, ಬೇರೆ ದಾರಿ ಇಲ್ಲದೆ. ಫಕ್ಕೀರಪ್ಪ ಪೆಟ್ಟಿಗೆಯ ಮುಚ್ಚಳ ಹಿಡಿದುಕೊಂಡು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ನಾನು ನೋಡಿದೆ. 

"ಹೂಂರಿ," ಅಂದ.

ಶಿವಬಾಯಿ ರೊಟ್ಟಿ ಬಡಿದಳು, ಬಾಳವ್ವ ಬದನೆಕಾಯಿ ಎಣ್ಣೆಗಾಯಿ ಬಡಿಸಿದಳು. ನಾನೂ ಪಂಕ್ತಿಯಲ್ಲಿ ಕುಳಿತಿದ್ದೆ, ನನ್ನನ್ನು ಯಾರೂ ಕರೆದಿರಲಿಲ್ಲ. "ಹಾಕಲೇನ್ರಿ ಪೇಪರಿನವರ?" ಎಂದು ಶಿವಬಾಯಿ ಬೇಕೆಂದೇ ಕೇಳಿ ಕೇಳಿ ನನಗೆ ಐದು ರೊಟ್ಟಿ ತಿನ್ನಿಸಿದಳು. ಫಕ್ಕೀರಪ್ಪ ಎರಡು ತಿಂದ. ಮೂರನೆಯದನ್ನು ಬಾಳವ್ವ ತಂದಾಗ ಒಲ್ಲೆ ಅಂದ.